ಚೌಕದ ಮೇಲೆ ದುಂಡು ಹೇಗೆ ಕೂತಿತು?

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ಮೇಜಿನ ಮೇಲೆ ಬಿಳಿ ಬಟ್ಟೆ ಮುಚ್ಚಿ ಏನೋ ಇಟ್ಟಿದ್ದಾರೆ, ಏನದು ಎಂದು ಬೆಳಗಿನಿಂದ ಮಕ್ಕಳು ಕೇಳುತ್ತಿದ್ದೀರಿ. ಒಬ್ಬ ಹುಡುಗ ಬಟ್ಟೆಯ ತುದಿ ಎತ್ತಿ ನೋಡಿದ್ದನ್ನೂ ನಾನು ಕಂಡೆ. ಇರಲಿ, ತಪ್ಪಿಲ್ಲ. ಅದು ಗೋಳಗುಮ್ಮಟದ ಮಾದರಿ. ನೂರರಲ್ಲಿ ಒಂದು ಅಳತೆಯದು. ಅಂದರೆ ಅಲ್ಲಿಯ ಒಂದು ಮೀಟರು ಇಲ್ಲಿ ಒಂದು ಸೆಂಟಿಮೀಟರು. ಕಂಪ್ಯೂಟರಿನಲ್ಲಿ ರಚಿಸಿ, ಆಮೇಲೆ ತ್ರಿ-ಡಿ ಪ್ರಿಂಟರಿನಲ್ಲಿ ತುಂಡು ತುಂಡಾಗಿ ಅಚ್ಚು ತೆಗೆದು ಅಂಟಿಸಿದ್ದು. ಅದನ್ನು ಮಾಡಿದ ಕಥೆ ಹೇಳಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ಆ ಕಥೆಯಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ನಾವು 8ನೇ ತರಗತಿಯಲ್ಲಿದ್ದಾಗ ಶಾಲೆಯಿಂದ ವಿಜಯಪುರಕ್ಕೆ ಪ್ರವಾಸ ಹೋಗಿದ್ದೆವು. ಆಗ ಊರಿನ ಹೆಸರು ಬಿಜಾಪುರ ಎಂದೇ ಇತ್ತು. ಬೆಳಗಿನ ಬಸ್ಸು, ಕೈಯಲ್ಲಿ ಬುತ್ತಿ ಗಂಟು. ಗೋಳಗುಮ್ಮಟದ ಮೂಲೆಯ ಮಿನಾರಿನ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ ಮೇಲಿನ ಗ್ಯಾಲರಿಗೆ ಹೋದೆವು. ಅಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಗೆ ಕಿವಿ ಹಚ್ಚಿದವರಿಗೆ ಕೇಳುತ್ತದೆ ಎಂದು ಸರ್ ಹೇಳಿದರು. ನನ್ನ ಬೆಂಚಿನ ಗೆಳೆಯ ಓಡಿಹೋಗಿ ಆಚೆ ಬದಿ ನಿಂತ. ಗುಮ್ಮಟದ ಸುತ್ತಿನಿಂದ ಹಾಯ್ದು ಬಂದ ಅವನ ಮಾತು ಇಷ್ಟೇ: "ಚಪಾತಿ ಉಳದಾವೇನಲೇ?"

ಎಲ್ಲರೂ ಕೂಗಿ ಮುಗಿಸಿ ಕೆಳಗಿಳಿದ ಮೇಲೆ ಗಣಿತದ ಸರ್ ನಮ್ಮನ್ನು ಹಾಲಿನ ನಡುವೆ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. "ಕೆಳಗ ನೋಡ್ರಿ, ಚೌಕ. ಮ್ಯಾಲ ನೋಡ್ರಿ, ದುಂಡು. ಚೌಕದ ಮ್ಯಾಲ ದುಂಡು ಹೆಂಗ ಕುಂತೈತಿ ಯಾರರ ಹೇಳ್ರಿ ನೋಡೋಣ." ಯಾರೂ ಹೇಳಲಿಲ್ಲ. ನಮಗೆ ಹಸಿವಾಗಿತ್ತು. ಸರ್ ನಕ್ಕು, "ಮುಂದ ಯಾವಾಗರ ಹೇಳ್ರಿ" ಅಂದರು. ಸರ್ ಈಗ ನಿವೃತ್ತರಾಗಿ ಇದೇ ವೇದಿಕೆಯ ಮೇಲೆ ಕುಳಿತಿದ್ದಾರೆ. ಸರ್, ಉತ್ತರ ತಂದಿದ್ದೇವೆ. ಬಹಳ ತಡವಾಯಿತು.

ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವನು. ನನ್ನ ನಿತ್ಯದ ಕೆಲಸ ಬ್ಯಾಂಕುಗಳಿಗೆ ಬೇಕಾಗುವ ತಂತ್ರಾಂಶ ಬರೆಯುವುದು. ಅದರಲ್ಲಿ ಕಮಾನೂ ಇಲ್ಲ, ಗುಮ್ಮಟವೂ ಇಲ್ಲ. ಕಳೆದ ವರ್ಷ ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಸುವರ್ಣ ಮಹೋತ್ಸವ ಬರ್ತದ, ಹಳೇ ವಿದ್ಯಾರ್ಥಿಗಳೆಲ್ಲ ಬೆಂಚು, ನೀರಿನ ಫಿಲ್ಟರ್ ಕೊಡಾಕತ್ಯಾರ, ನೀವೇನು ಕೊಡ್ತೀರಿ?" ಎಂದು ಕೇಳಿದರು. ಆ ಪ್ರಶ್ನೆ ನೆನಪಾಯಿತು. ಮಕ್ಕಳು ಕೈಯಲ್ಲಿ ಮುಟ್ಟಿ ನೋಡುವಂಥ ಗೋಳಗುಮ್ಮಟ ಕೊಡುತ್ತೇನೆ ಎಂದುಬಿಟ್ಟೆ. ಕಂಪ್ಯೂಟರ್ ಇದೆ, ಮಾಡಿದರಾಯಿತು ಎಂದು ತಿಳಿದಿದ್ದೆ. ಎರಡು ತಿಂಗಳು ನನ್ನ ಶನಿವಾರ ಭಾನುವಾರಗಳೆಲ್ಲ ಹಾಳಾದವು.

ಏಕೆಂದು ಹೇಳುತ್ತೇನೆ. ಕಂಪ್ಯೂಟರಿಗೆ ದುಂಡು ಎಂಬುದು ಗೊತ್ತಿಲ್ಲ ಎಂದೇ ತಿಳಿಯಿರಿ. ನಾನು ಮೊದಲು ಬಳಸಿದ ಬ್ಲೆಂಡರ್ ಎಂಬ ಉಚಿತ ತಂತ್ರಾಂಶ ಯಾವ ಬಾಗಿದ ಮೇಲ್ಮೈಯನ್ನೂ ಸಣ್ಣ ಸಣ್ಣ ಚಪ್ಪಟೆ ತುಂಡುಗಳಾಗಿ ಹಿಡಿಯುತ್ತದೆ. ತುಂಡುಗಳು ಸಣ್ಣವಾದಷ್ಟೂ ಕಣ್ಣಿಗೆ ನುಣುಪಾಗಿ ಕಾಣುತ್ತದೆ. ಈ ತುಂಡುಗಳ ಅಂಚುಗಳು ಒಂದಕ್ಕೊಂದು ಸರಿಯಾಗಿ ಕೂಡಬೇಕು. ಒಂದು ಕಡೆ ಕೂದಲೆಳೆಯಷ್ಟು ಬಿರುಕು ಉಳಿದರೂ, ಒಡೆದ ಕೊಡದಲ್ಲಿ ನೀರು ನಿಲ್ಲದ ಹಾಗೆ, ಒಳಗು ಯಾವುದು ಹೊರಗು ಯಾವುದು ಎಂದು ಪ್ರಿಂಟರಿಗೆ ತಿಳಿಯುವುದಿಲ್ಲ.

ನಾನು ಗುಮ್ಮಟದಿಂದ ಶುರು ಮಾಡಿದೆ. ಚಿತ್ರದಲ್ಲಿ ಎದ್ದು ಕಾಣುವುದು ಅದೇ ತಾನೇ. ಗುಮ್ಮಟ ಸುಲಭ. ಕುಂಬಾರರು ತಿಗರಿಯ ಮೇಲೆ ಮಡಕೆ ಎತ್ತುವುದನ್ನು ನೋಡಿದ್ದೀರಿ. ಹಾಗೆಯೇ ಒಂದು ಬಾಗಿದ ಗೆರೆ ಎಳೆದು, ನಡುಕಂಬದ ಸುತ್ತ ಒಂದು ಸುತ್ತು ತಿರುಗಿಸಿದರೆ ಗುಮ್ಮಟ ಬಂತು. ಬುಡದಲ್ಲಿ ಅದನ್ನು ಸುತ್ತಿರುವ ಕಮಲದ ಎಸಳುಗಳಲ್ಲಿ ಒಂದನ್ನು ಮಾಡಿ, ಅದನ್ನೇ ಸುತ್ತಲೂ ನಕಲು ಮಾಡಿದೆ. ಕೆಳಗೆ ನಾಲ್ಕು ಗೋಡೆ, ನಾಲ್ಕು ಮೂಲೆಗೆ ಏಳು ಅಂತಸ್ತಿನ ಎಂಟು ಮೂಲೆಯ ಮಿನಾರುಗಳು. ಅವೂ ಬಂದವು. ಹೊರಗಿನಿಂದ ನೋಡಿದರೆ ಕೆಲಸ ಮುಗಿದಂತೆಯೇ ಇತ್ತು. ಒಳಗೆ ಇಣುಕಿದರೆ ಗುಮ್ಮಟ ಗಾಳಿಯಲ್ಲಿ ತೇಲುತ್ತಿತ್ತು.

ಅಳತೆ ಕೇಳಿ. ಒಳಗಿನ ಹಾಲು 135 ಅಡಿ ಚೌಕ. ಮಕ್ಕಳೇ, 135ನ್ನು 135ರಿಂದ ಗುಣಿಸಿ ನೋಡಿ, 18,225 ಚದರ ಅಡಿ. ಅಷ್ಟು ನೆಲದ ನಡುವೆ ಒಂದೂ ಕಂಬವಿಲ್ಲ. ಗುಮ್ಮಟದ ಒಳವ್ಯಾಸ 124 ಅಡಿ, ದಪ್ಪ ಬುಡದಲ್ಲಿ 10 ಅಡಿ. ಚೌಕದ ನಡುವಿನಿಂದ ಮೂಲೆಗೆ ಎಷ್ಟು ದೂರ? ಕರ್ಣದ ಅರ್ಧ, ಸುಮಾರು 95 ಅಡಿ. ಗುಮ್ಮಟದ ತ್ರಿಜ್ಯವೋ 62 ಅಡಿ. ಅಂದರೆ ಪ್ರತಿ ಮೂಲೆಯಲ್ಲೂ 33 ಅಡಿ ಬಯಲು. ಆ ಬಯಲಿನ ಮೇಲೆ 10 ಅಡಿ ದಪ್ಪದ ಇಟ್ಟಿಗೆ ಗಾರೆಯ ಭಾರ ಹೇಗೆ ನಿಂತಿದೆ? ಸರ್ ಕೇಳಿದ್ದ ಪ್ರಶ್ನೆ ಇದೇ.

ಗೋಡೆಯ ತುದಿಯಿಂದ ಗುಮ್ಮಟದ ಬುಡದವರೆಗೆ ಒಂದು ಬಾಗಿದ ಮೇಲ್ಮೈ ಎಳೆದು ಮುಚ್ಚಿಬಿಡೋಣ ಎಂದು ಹೊರಟೆ. ಮೌಸ್ ಹಿಡಿದು ಚುಕ್ಕೆ ಚುಕ್ಕೆ ಎಳೆದೆ. ಫೋಟೋ ಮುಂದಿಟ್ಟುಕೊಂಡು ತಿದ್ದಿದೆ. ಒಂದು ಮೂಲೆ ಸರಿಹೋದರೆ ಪಕ್ಕದ ಮೂಲೆ ಹರಿಯುತ್ತಿತ್ತು. ಒದ್ದೆ ಬಟ್ಟೆಯನ್ನು ನಾಲ್ಕು ಗೂಟಕ್ಕೆ ಕಟ್ಟಿದ ಹಾಗೆ ಜೋತು ಬೀಳುತ್ತಿತ್ತು. ಬಿ.ಇ. ಓದಿದ್ದೇನೆ, ಹತ್ತು ಹನ್ನೆರಡು ವರ್ಷ ಕಂಪ್ಯೂಟರಿನ ಮುಂದೆಯೇ ಕಳೆದಿದ್ದೇನೆ, ಆದರೂ ಆಗಲಿಲ್ಲ. ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ, ಬೆಂಚೇ ಕೊಡುತ್ತೇನೆ ಸರ್ ಎಂದು ಹೇಳುವವನಿದ್ದೆ.

ಆಗ ಊರಿಗೆ ಜಾತ್ರೆಗೆಂದು ಬಂದೆ. ಗುಡಿಯ ಮುಂದೆ ಎಂಟು ಮೂಲೆಯ ಮಂಟಪದ ಕೆಲಸ ನಡೆದಿತ್ತು. ಗೌಂಡಿ ಯಾರು ಎಂದು ನೋಡಿದರೆ ನಮ್ಮ ಚಪಾತಿ ಗೆಳೆಯ. ಅವನ ಹೆಸರು ಹೇಳಬಾರದೆಂದು ಬೆಳಿಗ್ಗೆಯೇ ತಾಕೀತು ಮಾಡಿದ್ದಾನೆ. ಇಲ್ಲೇ ಹಿಂದೆ ಬೇವಿನ ಗಿಡದ ಹತ್ತಿರ ನಿಂತಿದ್ದಾನೆ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವನು 9ನೇ ತರಗತಿ ಅರ್ಧಕ್ಕೆ ಬಿಟ್ಟು ಗೋವಾಕ್ಕೆ ದುಡಿಯಲು ಹೋದವನು. ಆ ವರ್ಷ ಮಳೆ ಕೈಕೊಟ್ಟಿತ್ತು, ಅವರ ಅಪ್ಪ ಹಾಸಿಗೆ ಹಿಡಿದಿದ್ದರು. ಮೊದಲು ಕಲ್ಲು ಹೊತ್ತ, ಆಮೇಲೆ ಕರಣಿ ಹಿಡಿದ. ಹತ್ತು ವರ್ಷದ ಹಿಂದೆ ಊರಿಗೆ ಮರಳಿದನಂತೆ. ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಅವನು ಮಂಟಪಕ್ಕೆ ಗುರುತು ಹಾಕುವುದನ್ನು ನೋಡುತ್ತ ನಿಂತೆ. ನೆಲದ ಮೇಲೆ ಚೌಕ ಹಾಕಿದ್ದ. ಒಂದು ಮೂಲೆಗೆ ಗೂಟ ಹೊಡೆದು ದಾರ ಕಟ್ಟಿ ಚೌಕದ ನಡುವಿನವರೆಗೆ ಎಳೆದ. ಅಷ್ಟೇ ಉದ್ದದ ದಾರವನ್ನು ತಿರುಗಿಸಿ, ಆ ಮೂಲೆಯಿಂದ ಹೊರಡುವ ಎರಡೂ ಬದಿಗಳ ಮೇಲೆ ಗುರುತು ಹಾಕಿದ. ನಾಲ್ಕೂ ಮೂಲೆಯಿಂದ ಹೀಗೆಯೇ ಮಾಡಿದ. ಎಂಟು ಗುರುತು ಬಿದ್ದವು. ಸೇರಿಸಿದರೆ ಎಂಟೂ ಬದಿ ಸಮ. ಒಂದು ಅಂಕಿ ಬರೆಯಲಿಲ್ಲ, ಒಂದು ಟೇಪು ಹಿಡಿಯಲಿಲ್ಲ. ಗೋವಾದಲ್ಲಿ ಒಬ್ಬ ಮುದುಕ ಮೇಸ್ತ್ರಿ ಕಲಿಸಿದ್ದಂತೆ. ನಾನು ಮೊಬೈಲಿನಲ್ಲಿ ಲೆಕ್ಕ ಮಾಡಿ ನೋಡಿದೆ, ಸರಿಯಾಗಿಯೇ ಇತ್ತು. 9ನೇ ತರಗತಿಯ ಮಕ್ಕಳು ಇದನ್ನು ನೋಟುಪುಸ್ತಕದಲ್ಲಿ ಕೈವಾರದಿಂದ ಮಾಡಬಹುದು. ಏಕೆ ಸರಿಬರುತ್ತದೆ ಎಂಬುದನ್ನು ಪೈಥಾಗೊರಸನ ಪ್ರಮೇಯದಿಂದ ಸಾಧಿಸಬಹುದು.

ಅವನಿಗೆ ಲ್ಯಾಪ್‌ಟಾಪ್ ತೆರೆದು ನನ್ನ ಗುಮ್ಮಟ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದ.

"ನೀ ಎಲ್ಲಿಂದ ಕಟ್ಟಾಕ ಚಾಲೂ ಮಾಡಿದಿ?"

"ಗುಮ್ಮಟದಿಂದ."

"ಮ್ಯಾಲಿಂದ ಯಾವ ಗೌಂಡಿ ಕಟ್ತಾನಲೇ? ಅದಕ್ಕ ಜೋತು ಬಿದ್ದೈತಿ."

ಮುಂದಿನ ಭಾನುವಾರ ಅವನ ಬೈಕಿನಲ್ಲಿ ಇಬ್ಬರೂ ವಿಜಯಪುರಕ್ಕೆ ಹೋದೆವು. ಹಾಲಿನ ನಡುವೆ, ಸರ್ ನಮ್ಮನ್ನು ನಿಲ್ಲಿಸಿದ್ದ ಜಾಗದಲ್ಲೇ ನಿಂತು ಕತ್ತೆತ್ತಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳು ತೋರಿಸಿ ಹೇಳಿದ, "ಗ್ವಾಡಿ ಮ್ಯಾಲ ಎಂಟು ಜಾಗಾದಾಗ ಕಾಲು ಊರ್ಯಾವ ನೋಡು. ಒಂದು ಬಿಟ್ಟು ಒಂದಕ್ಕ ಕಮಾನ ಹಾರಿಸ್ಯಾರ."

ಅಲ್ಲಿಗೆ ಗುಟ್ಟು ಬಿಟ್ಟಿತು. ಎಂಟು ಗುರುತುಗಳಿಗೆ ಸುತ್ತಲೂ 1ರಿಂದ 8ರವರೆಗೆ ಅಂಕಿ ಕೊಡಿ. 1, 3, 5, 7 ಸೇರಿಸಿ, ಒಂದು ಚೌಕ. 2, 4, 6, 8 ಸೇರಿಸಿ, ಇನ್ನೊಂದು ಚೌಕ. ಒಂದರ ಮೇಲೆ ಒಂದು ಓರೆಯಾಗಿ ಕೂತ ಎರಡು ಚೌಕಗಳು, ಎಂಟು ಮೂಲೆಯ ನಕ್ಷತ್ರ. ಆ ಚೌಕಗಳ ಎಂಟು ಬದಿಗಳೇ ಎಂಟು ಕಮಾನುಗಳು. ಅವು ಗಾಳಿಯಲ್ಲಿ ಒಂದನ್ನೊಂದು ಹಾಯ್ದು ಹೋಗುತ್ತವೆ. ನಡುವೆ ಉಳಿಯುವುದು ಎಂಟು ಮೂಲೆಯ ಒಂದು ಬಾಯಿ. ಚೌಕ ಎಂಟು ಮೂಲೆಯಾಯಿತು, ಎಂಟು ಮೂಲೆ ದುಂಡಾಯಿತು.

ಬೆಂಗಳೂರಿಗೆ ಮರಳಿ ಹಳೆಯದನ್ನೆಲ್ಲ ಅಳಿಸಿಹಾಕಿದೆ. ಈ ಸಲ ಮೌಸಿನಿಂದ ಎಳೆಯಲಿಲ್ಲ. ಫ್ರೀಕ್ಯಾಡ್ ಎಂಬ ಇನ್ನೊಂದು ಉಚಿತ ತಂತ್ರಾಂಶ ತೆಗೆದುಕೊಂಡು ಅಳತೆ ಕೊಟ್ಟು ಕೆಳಗಿನಿಂದ ಕಟ್ಟಿದೆ. ಮೊದಲು ನೆಲ, ಗೋಡೆ. ಗೋಡೆಯ ಮೇಲೆ ಎಂಟು ಗುರುತು. ಒಂದು ಕಮಾನು. ಅದರ ಪ್ರತಿ ಅರ್ಧವನ್ನೂ ಬೇರೆ ಬೇರೆ ಕೇಂದ್ರದಿಂದ ಎಳೆದರೆ ನಡುವೆ ಚೂಪು ಬರುತ್ತದೆ. ಆ ಒಂದನ್ನೇ 45 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಎಂಟು. ಕಮಾನುಗಳು ನಿಂತ ಮೇಲೆ, ನನ್ನನ್ನು ಎರಡು ತಿಂಗಳು ಕಾಡಿದ ಆ ಬಾಗಿದ ಮೇಲ್ಮೈ ಕಷ್ಟವೇ ಆಗಲಿಲ್ಲ. ಅದರ ಅಂಚುಗಳು ಈಗ ಕಮಾನುಗಳೇ. ಎರಡು ಅಂಚುಗಳ ನಡುವೆ ತುಂಬು ಎಂದು ಹೇಳಿದರೆ ತಂತ್ರಾಂಶ ತುಂಬುತ್ತದೆ. ಗೌಂಡಿಯೂ ಅದನ್ನೇ ಮಾಡುತ್ತಾನೆ, ಕಮಾನು ನಿಲ್ಲಿಸಿ ಸಂದು ತುಂಬುತ್ತಾನೆ. ನಾನು ಸಂದನ್ನು ಮೊದಲು ಮಾಡಹೊರಟಿದ್ದೆ.

ಲೆಕ್ಕ ತಾಳೆ ನೋಡಬೇಕಲ್ಲ. ಗೋಳಗುಮ್ಮಟದ ಅಳತೆಗಳನ್ನು 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಎಂಬ ವಾಸ್ತುಶಿಲ್ಪದ ಇತಿಹಾಸಕಾರ ಬರೆದಿಟ್ಟಿದ್ದಾನೆ. ನೆಲದಿಂದ 57 ಅಡಿ ಎತ್ತರದಲ್ಲಿ ಹಾಲು ಒಳಕ್ಕೆ ಬಾಗಲು ಶುರುವಾಗುತ್ತದೆ. ಸುಮಾರು 110 ಅಡಿ ಎತ್ತರದಲ್ಲಿ 97 ಅಡಿ ವ್ಯಾಸದ ದುಂಡು ಬಾಯಿ ಉಳಿಯುತ್ತದೆ. ನನ್ನ ಎರಡು ಚೌಕಗಳ ಲೆಕ್ಕದಿಂದ ಬಂದದ್ದು 103 ಅಡಿ. ಆರು ಅಡಿ ವ್ಯತ್ಯಾಸ. ರಾತ್ರಿಯೇ ಗೆಳೆಯನಿಗೆ ಫೋನ್ ಮಾಡಿದೆ. ನಿದ್ದೆಗಣ್ಣಿನಲ್ಲಿ ಅಂದ, "ನೀ ಗೆರಿ ಎಳದಿ. ಗೆರಿಗೆ ದಪ್ಪ ಇರೂದಿಲ್ಲ, ಕಲ್ಲಿಗೆ ಇರ್ತೈತಿ." ಒಂದೊಂದು ಬದಿಗೆ ಮೂರು ಅಡಿ. ಮಾದರಿಯಲ್ಲಿ ಒಂಬತ್ತು ಮಿಲಿಮೀಟರು. ಕಮಾನಿಗೆ ಅಷ್ಟು ದಪ್ಪ ಕೊಟ್ಟೆ, ಬಾಯಿ 97 ಅಡಿಗೆ ಬಂದು ಕೂತಿತು.

ಇನ್ನೊಂದು ವಿಷಯ ಮಾದರಿ ಮಾಡುವಾಗಲೇ ತಿಳಿದದ್ದು. ಕೆಳಗಿನ ಬಾಯಿ 97 ಅಡಿ, ಅದರ ಮೇಲಿನ ಗುಮ್ಮಟದ ಒಳವ್ಯಾಸ 124 ಅಡಿ. ಅಂದರೆ ಗುಮ್ಮಟ ಬಾಯಿಯ ಅಂಚಿನ ಮೇಲೆ ಕೂತಿಲ್ಲ, ಹಿಂದೆ ಸರಿದು ಕೂತಿದೆ. ಹಾಗೆ ಸರಿದದ್ದರಿಂದ ಸುತ್ತಲೂ ಉಳಿದ ಕಟ್ಟೆಯೇ ನಾವು ಓಡಾಡಿ ಕೂಗಿದ ಗ್ಯಾಲರಿ. ಇಷ್ಟೇ ಅಲ್ಲ. ಯಾವ ಗುಮ್ಮಟವಾದರೂ ತನ್ನ ಭಾರಕ್ಕೆ ಬುಡದಲ್ಲಿ ಹೊರಕ್ಕೆ ಒದೆಯುತ್ತದೆ. ಇಲ್ಲಿ ಒಳಕ್ಕೆ ಚಾಚಿಕೊಂಡಿರುವ ಕಮಾನುಗಳ ಕಲ್ಲಿನ ತೂಕ ಆ ಒದೆತಕ್ಕೆ ಎದುರಾಗಿ ಒಳಕ್ಕೆ ಎಳೆಯುತ್ತದೆ. ಫರ್ಗುಸನ್ ಇದನ್ನೇ ಮೆಚ್ಚಿ ಬರೆದದ್ದು. ಸರ್, ಚೌಕದ ಮೇಲೆ ದುಂಡು ಕೂತದ್ದು ಹೀಗೆ.

ಪ್ರಿಂಟ್ ಮಾಡಿದ ಮಾತು ಎರಡೇ ನಿಮಿಷ. ಬಳಸಿದ್ದು ಮೆಕ್ಕೆಜೋಳದಂಥ ಬೆಳೆಗಳ ಪಿಷ್ಟದಿಂದ ತಯಾರಿಸುವ ಪ್ಲಾಸ್ಟಿಕ್ಕಿನ ದಾರ. ಪ್ರಿಂಟರು ಅದನ್ನು ಕರಗಿಸಿ ಒಂದರ ಮೇಲೊಂದು ಪದರ ಹಾಕುತ್ತದೆ. ಒಂದು ಪದರ 0.2 ಮಿಲಿಮೀಟರು. 22 ಸೆಂಟಿಮೀಟರು ಎತ್ತರಕ್ಕೆ 1,100 ಪದರಗಳು. ಯಂತ್ರದ ಹಾಸು ಚಿಕ್ಕದು, ನಮ್ಮ ಗುಮ್ಮಟ 44 ಸೆಂಟಿಮೀಟರು ಅಗಲ. ಅದಕ್ಕೇ ಗುಮ್ಮಟವನ್ನು ಕಲ್ಲಂಗಡಿಯಂತೆ ಎಂಟು ಹೋಳು ಮಾಡಿ, ಒಂದೊಂದನ್ನೂ ಮತ್ತೆ ಎರಡಾಗಿ ಕತ್ತರಿಸಿದೆ. ಮಿನಾರಿನ ಸಣ್ಣ ಕೆತ್ತನೆಗಳನ್ನು ಬಿಟ್ಟಿದ್ದೇನೆ. ನೂರರಲ್ಲಿ ಒಂದು ಅಳತೆಗೆ ಇಳಿಸಿದರೆ ಅವು ಉಗುರು ತಾಗಿದರೆ ಮುರಿಯುವಷ್ಟು ತೆಳುವಾಗುತ್ತವೆ. ಕಮಾನು ಅಚ್ಚಾಗುವಾಗ ಬಹಳ ಬಾಗಿದ ಕಡೆ ಕೆಳಗೆ ಆಧಾರ ಕೊಡಬೇಕು, ಇಲ್ಲದಿದ್ದರೆ ಬಿಸಿ ದಾರ ಕುಸಿಯುತ್ತದೆ. ಆಮೇಲೆ ಆ ಆಧಾರವನ್ನು ಮುರಿದು ತೆಗೆಯಬೇಕು. ಗೆಳೆಯನಿಗೆ ವಿಡಿಯೋ ಕಳಿಸಿದ್ದೆ. "ಇದಕ್ಕೂ ಸೆಂಟ್ರಿಂಗ್ ಬೇಕೇನು!" ಎಂದು ನಕ್ಕ.

ಈಗ ನನ್ನ ತಪ್ಪು.

ಇಂದಿನ ಕಾರ್ಯಕ್ರಮಕ್ಕೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುವ ಕೆಲಸವನ್ನು ಸಮಿತಿಯವರು ನನಗೆ ಒಪ್ಪಿಸಿದ್ದರು, ಕಂಪ್ಯೂಟರ್ ಬಲ್ಲವನು ಎಂದು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದವರ ದಾಖಲೆ ಇಟ್ಟುಕೊಂಡು ಒಂದೇ ರಾತ್ರಿಯಲ್ಲಿ ಪಟ್ಟಿ ಮಾಡಿಕೊಟ್ಟೆ. ಆಮಂತ್ರಣಗಳು ಅದರ ಪ್ರಕಾರ ಹೋದವು. ಚೊಕ್ಕವಾದ ಪಟ್ಟಿ ಎಂದು ಎಲ್ಲರೂ ಹೊಗಳಿದರು. ಮಾದರಿಗೆ ಕೊನೆಯ ತುಂಡು ಅಂಟಿಸುವ ದಿನ ಗೆಳೆಯ ಜೊತೆಗಿದ್ದ. ಕೈ ಒರೆಸಿಕೊಳ್ಳುತ್ತ ಕೇಳಿದ, "ಅವತ್ತ ಕಾರ್ಯಕ್ರಮಕ್ಕ ನಾನೂ ಬರಬಹುದೇನು? ನನಗ ಕಾರ್ಡ್ ಬಂದಿಲ್ಲ."

ನನಗೆ ಉತ್ತರ ಬಾಯಿಗೆ ಬರಲಿಲ್ಲ. ಆ ಪಟ್ಟಿಯಿಂದ ಅವನ ಹೆಸರನ್ನು ಶಾಲೆ ತೆಗೆದಿರಲಿಲ್ಲ, ಸಮಿತಿ ತೆಗೆದಿರಲಿಲ್ಲ. ನಾನು ಹಾಕಿದ ಒಂದು ಷರತ್ತು ತೆಗೆದಿತ್ತು. ಅವನ ಜೊತೆಗೇ ಎಷ್ಟೋ ಹೆಸರು ಹೋಗಿದ್ದವು. ಹತ್ತಿ ಬಿಡಿಸಲು ಹೋದವರು, ದನ ಕಾಯಲು ನಿಂತವರು, 9ನೇ ತರಗತಿಯಲ್ಲೇ ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಇವರೆಲ್ಲ ಇದೇ ಗಂಟೆಗೆ ಎದ್ದು ನಿಂತವರು, ಇದೇ ಪ್ರಾರ್ಥನೆ ಹೇಳಿದವರು. ಗೋಳಗುಮ್ಮಟ ಮುಹಮ್ಮದ್ ಆದಿಲ್ ಶಾಹಿಯ ಸಮಾಧಿ, ಅವನು 1656ರಲ್ಲಿ ತೀರಿಕೊಂಡವನು. ಕಟ್ಟಿದ ವಾಸ್ತುಶಿಲ್ಪಿ ಎಂದು ದಾಬೋಲದ ಯಾಕೂತನ ಹೆಸರು ಹೇಳುತ್ತಾರೆ. ದಾರ ಹಿಡಿದು ಆ ಎಂಟು ಗುರುತು ಹಾಕಿದ ಗೌಂಡಿಗಳಲ್ಲಿ ಒಬ್ಬರ ಹೆಸರೂ ನಮಗೆ ಸಿಕ್ಕಿಲ್ಲ. ಅದು ಸುಮಾರು ನಾನೂರು ವರ್ಷ ಹಿಂದಿನ ಮಾತು, ಬಿಡಿ. ನಮ್ಮ ಶಾಲೆಯದು ಐವತ್ತೇ ವರ್ಷ. ಹೆಸರುಗಳು ಪಕ್ಕದ ಕೋಣೆಯ ಬೀರುವಿನಲ್ಲಿವೆ.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ದಾಖಲಾತಿ ರಿಜಿಸ್ಟರುಗಳನ್ನು ಎದುರಿಗಿಟ್ಟುಕೊಂಡು ಪಟ್ಟಿಯನ್ನು ಮತ್ತೆ ಮಾಡುತ್ತಿದ್ದೇನೆ. ಈ ಸಲ ಷರತ್ತು ಒಂದೇ, ಈ ಶಾಲೆಗೆ ಒಂದು ದಿನವಾದರೂ ಹೆಸರು ಹಚ್ಚಿದವರು. ಮೊದಲ ಏಳು ವರ್ಷದ್ದು ಮುಗಿದಿದೆ. ಕೆಲವು ಪುಟಗಳಲ್ಲಿ ಶಾಯಿ ಮಾಸಿದೆ, ಕೆಲವು ಹೆಸರುಗಳ ಮನೆ ಯಾವುದೆಂದು ತಿಳಿಯುತ್ತಿಲ್ಲ. ಊರಿನ ಹಿರಿಯರು ಒಂದೊಂದು ಸಂಜೆ ಬಂದು ಕೂತು, "ಇದು ಇಂಥವರ ಮಗ, ಈಗ ಇಂಥಲ್ಲಿ ಇದ್ದಾನೆ" ಎಂದು ಹೇಳಿದರೆ ಉಪಕಾರವಾಗುತ್ತದೆ. ಕಾರ್ಡು ಬಾರದೆಯೂ ಇಂದು ಬಂದು ಹಿಂದೆ ನಿಂತಿರುವವರ ಕ್ಷಮೆ ಕೇಳುತ್ತೇನೆ.

ಗುರುಗಳಲ್ಲಿ ಒಂದು ಬೇಡಿಕೆ. ಈ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಡಿ. ಇದರ ಗುಮ್ಮಟ ಕೈಯಿಂದ ಎತ್ತಿ ತೆಗೆಯಲು ಬರುತ್ತದೆ. ಎತ್ತಿದರೆ ಒಳಗೆ ಎರಡು ಚೌಕ, ಎಂಟು ಕಮಾನು ಕಾಣುತ್ತವೆ. ಮಕ್ಕಳು ಎತ್ತಲಿ, ಬೆರಳಾಡಿಸಲಿ. ಮುರಿದರೆ ಮುರಿಯಲಿ. ಫೈಲುಗಳನ್ನು ಶಾಲೆಯ ಕಂಪ್ಯೂಟರಿಗೆ ಹಾಕಿದ್ದೇನೆ, ಮತ್ತೆ ಅಚ್ಚು ತೆಗೆಯೋಣ.

ಬಟ್ಟೆ ತೆಗೆಯುವ ಕೆಲಸಕ್ಕೆ ನನ್ನನ್ನು ಕರೆದಿದ್ದಾರೆ. ನಾನೊಬ್ಬನೇ ತೆಗೆಯುವುದಿಲ್ಲ. ಬೇವಿನ ಗಿಡದ ಹತ್ತಿರ ನಿಂತವನು ಮೇಲೆ ಬರಬೇಕು. ಬಾರೋ. ಹೆಸರು ಹೇಳಿಲ್ಲ ನೋಡು. ಸರ್, ನೀವೂ ಬರ್ರಿ.